ಏಪ್ರಿಲ್‌ನಲ್ಲಿ ಸಂಬಳ ಏರುತ್ತದೆ, ಆದರೂ ಸಾಲುವುದಿಲ್ಲ ಏಕೆ?

ಪ್ರಶ್ನೆ: ನಾನು ಮಾಲೂರಿನ ಹೊಲಿಗೆ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ಟೈಲರ್ ಆಗಿದ್ದೇನೆ. ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಏರುತ್ತದೆ, ಆದರೆ ಮನೆ ಖರ್ಚಿಗೆ ಅದು ಸಾಲುವುದಿಲ್ಲ. ಮೊನ್ನೆ ಮೊನ್ನೆ ಸೇರಿದ ಹೆಲ್ಪರ್‌ಗೂ ನನಗೂ ಈಗ ಕೆಲವೇ ನೂರು ರೂಪಾಯಿಗಳ ವ್ಯತ್ಯಾಸ. ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಇದೇ ಕೆಲಸ ಮಾಡುವ ನನ್ನ ಅಕ್ಕನಿಗೆ ನನಗಿಂತ ಹೆಚ್ಚು ಸಿಗುತ್ತದೆ. ಕೆ.ಜಿ.ಎಫ್.ನ ಗಣಿಯಲ್ಲಿ ದುಡಿದ ನಮ್ಮ ತಾತ, ತಮ್ಮ ಕಾಲದಲ್ಲಿ ಕೂಲಿಯನ್ನು ಹೋರಾಡಿ ಪಡೆಯುತ್ತಿದ್ದೆವು ಎನ್ನುತ್ತಿದ್ದರು. ಈ ಕನಿಷ್ಠ ವೇತನ ಎಂಬುದು ಯಾವಾಗ ಬಂತು, ಅದನ್ನು ಯಾರು ಯಾವ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ?
— ಬಂಗಾರಪೇಟೆ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ತಾತ ಹೇಳಿದ ಮಾತಿನಿಂದಲೇ ಆರಂಭಿಸುವುದು ಸರಿ, ಏಕೆಂದರೆ ಗಣಿಯ ಕೂಲಿಗೂ ನಿಮ್ಮ ಸಂಬಳಕ್ಕೂ ಇರುವ ವ್ಯತ್ಯಾಸ ಅಲ್ಲಿಂದಲೇ ತಿಳಿಯುತ್ತದೆ. 1880ರ ದಶಕದಲ್ಲಿ ಆಧುನಿಕ ಗಣಿಗಾರಿಕೆ ಆರಂಭವಾದ ಕೋಲಾರದ ಚಿನ್ನದ ಗಣಿಗಳಲ್ಲಿ ಸಾವಿರಾರು ಜನ ಒಂದೇ ಕಡೆ ದುಡಿಯುತ್ತಿದ್ದರು, ಒಂದೇ ಲೈನ್‌ಗಳಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ವಾಸಿಸುತ್ತಿದ್ದರು. ಹಾಗಾಗಿ ಒಟ್ಟಾಗಿ ಕೆಲಸ ನಿಲ್ಲಿಸುವ ಶಕ್ತಿ ಅವರಿಗಿತ್ತು. 1930ರಲ್ಲಿ ಬೆರಳಚ್ಚು ನೋಂದಣಿಯನ್ನು ವಿರೋಧಿಸಿ ಅವರು ನಡೆಸಿದ ಮುಷ್ಕರ ಮೈಸೂರು ಸಂಸ್ಥಾನದ ಕಾರ್ಮಿಕ ಚರಿತ್ರೆಯಲ್ಲಿ ದೊಡ್ಡ ಘಟನೆ. ಕನಿಷ್ಠ ವೇತನದ ಕಾನೂನನ್ನು ರೂಪಿಸಿದಾಗ ಕಣ್ಣಮುಂದೆ ಇದ್ದವರು ಇಂಥ ಸಂಘಟಿತರಲ್ಲ, ಚೌಕಾಶಿ ಮಾಡುವ ಬಲವೇ ಇಲ್ಲದವರು.

1936ರ ವೇತನ ಪಾವತಿ ಕಾಯ್ದೆ ಬಟವಾಡೆ ಯಾವ ದಿನದೊಳಗೆ ಆಗಬೇಕು, ಯಾವ ಕಡಿತ ಮಾಡಬಹುದು ಎಂದಷ್ಟೇ ಹೇಳಿತ್ತು. ಕೂಲಿ ಎಷ್ಟಿರಬೇಕು ಎಂಬ ಪ್ರಶ್ನೆಯನ್ನು ಅದು ಮುಟ್ಟಲಿಲ್ಲ. ಆ ಪ್ರಶ್ನೆಯನ್ನು ಎತ್ತಿಕೊಂಡ ಮಸೂದೆ 1946ರ ಏಪ್ರಿಲ್‌ನಲ್ಲಿ ಕೇಂದ್ರ ಶಾಸನಸಭೆಗೆ ಬಂದಾಗ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆಯನ್ನು ನೋಡಿಕೊಳ್ಳುತ್ತಿದ್ದವರು ಡಾ. ಬಿ.ಆರ್. ಅಂಬೇಡ್ಕರ್. ಸ್ವಾತಂತ್ರ್ಯಾನಂತರ, ಜಗಜೀವನ್ ರಾಂ ಕಾರ್ಮಿಕ ಸಚಿವರಾಗಿದ್ದಾಗ, 1948ರ ಕನಿಷ್ಠ ವೇತನ ಕಾಯ್ದೆಯಾಗಿ ಅದು ಜಾರಿಗೆ ಬಂತು. ಅದರ ಮೂಲ ಅನುಸೂಚಿಯಲ್ಲಿ ಬೀಡಿ ಸೇರಿದಂತೆ ತಂಬಾಕು ತಯಾರಿಕೆ, ಅಕ್ಕಿ ಮತ್ತು ಬೇಳೆ ಗಿರಣಿ, ಎಣ್ಣೆ ಗಿರಣಿ, ಕಲ್ಲು ಒಡೆಯುವುದು, ಚರ್ಮ ಹದ ಮಾಡುವುದು, ಕೃಷಿ ಮುಂತಾದ ಉದ್ಯೋಗಗಳಿದ್ದವು. ಸಂಘ ಕಟ್ಟುವುದು ಕಷ್ಟವಾಗಿರುವ ಕಡೆ ಸರ್ಕಾರವೇ ನಡುವೆ ನಿಂತು ಒಂದು ಕೆಳಮಿತಿ ಹಾಕಬೇಕು ಎಂಬುದು ಅದರ ಉದ್ದೇಶವಾಗಿತ್ತು. ಆ ಕೆಳಮಿತಿಯೇ ಇಂದು ನಮ್ಮ ಜಿಲ್ಲೆಯ ಎಷ್ಟೋ ಕಾರ್ಖಾನೆಗಳಲ್ಲಿ ಮೇಲ್ಮಿತಿಯೂ ಆಗಿರುವುದು ನನ್ನನ್ನು ಬಹಳವಾಗಿ ನೋಯಿಸುವ ಸಂಗತಿ.

ಇನ್ನು ಲೆಕ್ಕದ ವಿಷಯ. 1957ರಲ್ಲಿ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಅಳತೆಗೋಲನ್ನು ಒಪ್ಪಿಕೊಂಡಿತು. ದುಡಿಯುವ ಒಬ್ಬರ ಕೂಲಿ ಮೂರು ಬಳಕೆ ಘಟಕಗಳನ್ನು ಸಾಕಬೇಕು, ಒಂದು ಘಟಕಕ್ಕೆ ದಿನಕ್ಕೆ 2700 ಕ್ಯಾಲೊರಿ ಆಹಾರ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಸರ್ಕಾರಿ ಕೈಗಾರಿಕಾ ವಸತಿ ಯೋಜನೆಯ ಮಟ್ಟದ ಬಾಡಿಗೆ; ಇವುಗಳ ಜೊತೆಗೆ ಸೌದೆ, ದೀಪ ಮತ್ತಿತರ ಖರ್ಚಿಗೆ ಒಟ್ಟು ವೇತನದ ನೂರಕ್ಕೆ ಇಪ್ಪತ್ತು ಭಾಗ. ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ತೀರ್ಪು ಮಕ್ಕಳ ಓದು, ಔಷಧೋಪಚಾರ, ಹಬ್ಬ, ಮದುವೆ, ಮುಪ್ಪು ಇವುಗಳಿಗೆಂದು ನೂರಕ್ಕೆ ಇಪ್ಪತ್ತೈದು ಭಾಗವನ್ನು ಸೇರಿಸಬೇಕೆಂದಿತು. ಆ ಮೂರು ಘಟಕಗಳನ್ನು ಎಣಿಸುವ ರೀತಿಯನ್ನು ನೀವು ತಿಳಿದಿರಬೇಕು: ಗಂಡ 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. ದುಡಿಯುವವನು ಗಂಡಸೇ ಎಂದು ಭಾವಿಸಿ ಹಾಕಿದ ಲೆಕ್ಕವಿದು. ದಿನವಿಡೀ ಮಷಿನ್ ಮುಂದೆ ಕೂತು ಬಂದು ಮನೆಯ ಕೆಲಸವನ್ನೂ ಮಾಡುವ ಹೆಂಗಸು ಈ ಲೆಕ್ಕದಲ್ಲಿ ಮುಕ್ಕಾಲು ಚಿಲ್ಲರೆ ಆಳಾಗಿ ಉಳಿದಿದ್ದಾಳೆ, ವಯಸ್ಸಾದ ತಂದೆತಾಯಿಯಂತೂ ಲೆಕ್ಕದಲ್ಲೇ ಇಲ್ಲ.

ಅಳತೆಗೋಲು ಹೀಗಿದ್ದರೂ ನಿಮ್ಮ ಸಂಬಳ ಸಾಲದಿರುವುದಕ್ಕೆ ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ ಬೇರೆಯದು, ಅದು ನಿಮ್ಮ ಸಂಬಳದ ಚೀಟಿಯಲ್ಲೇ ಕಾಣುತ್ತದೆ. ಕನಿಷ್ಠ ವೇತನದಲ್ಲಿ ಎರಡು ಭಾಗಗಳಿವೆ. ಮೂಲ ದರವನ್ನು ಸರ್ಕಾರ ಅಧಿಸೂಚನೆಯ ಮೂಲಕ ನಿಗದಿಪಡಿಸುತ್ತದೆ, ಐದು ವರ್ಷ ಮೀರದಂತೆ ಅದನ್ನು ಪರಿಶೀಲಿಸಬೇಕೆಂದು ಕಾನೂನು ಹೇಳುತ್ತದೆ. ತುಟ್ಟಿಭತ್ಯೆಯಾದರೋ ಗ್ರಾಹಕ ಬೆಲೆ ಸೂಚ್ಯಂಕ (ದಿನಬಳಕೆಯ ಸಾಮಾನುಗಳ ಬೆಲೆ ಎಷ್ಟು ಏರಿದೆ ಎಂದು ತೋರಿಸುವ ಅಂಕಿ) ಏರಿದಂತೆ ಪ್ರತಿ ಏಪ್ರಿಲ್ 1ರಿಂದ ಏರುತ್ತದೆ. ಅದು ಶೇಕಡಾವಾರು ಏರುವುದಿಲ್ಲ, ಸೂಚ್ಯಂಕದ ಒಂದೊಂದು ಅಂಶಕ್ಕೆ ಇಷ್ಟು ಪೈಸೆ ಎಂಬ ಲೆಕ್ಕದಲ್ಲಿ ಏರುತ್ತದೆ.

ಇದರ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಸೂಚ್ಯಂಕ 8000 ಇದ್ದಾಗ ಹೆಲ್ಪರ್‌ಗೆ ದಿನಕ್ಕೆ 400 ರೂಪಾಯಿ, ಟೈಲರ್‌ಗೆ 440 ರೂಪಾಯಿ, ಪ್ರತಿ ಅಂಶಕ್ಕೆ 4 ಪೈಸೆ ಎಂದಿಟ್ಟುಕೊಳ್ಳಿ. ಬೆಲೆಗಳು ನೂರಕ್ಕೆ ಹತ್ತರಷ್ಟು ಏರಿ ಸೂಚ್ಯಂಕ 8800 ತಲುಪಿತು. 800 ಅಂಶಕ್ಕೆ ತಲಾ 4 ಪೈಸೆಯಂತೆ ಇಬ್ಬರಿಗೂ 32 ರೂಪಾಯಿ ಸೇರುತ್ತದೆ. ಮೊದಲಿನಷ್ಟೇ ಸಾಮಾನು ಕೊಳ್ಳಲು ಹೆಲ್ಪರ್‌ಗೆ 440 ರೂಪಾಯಿ ಬೇಕಿತ್ತು, ಸಿಕ್ಕಿದ್ದು 432. ಟೈಲರ್‌ಗೆ 484 ಬೇಕಿತ್ತು, ಸಿಕ್ಕಿದ್ದು 472. ತಿಂಗಳಿಗೆ 26 ದಿನದಂತೆ ಹೆಲ್ಪರ್ 208 ರೂಪಾಯಿ ಕಳೆದುಕೊಂಡರೆ ಟೈಲರ್ 312 ರೂಪಾಯಿ ಕಳೆದುಕೊಳ್ಳುತ್ತಾರೆ. ಚೀಟಿಯಲ್ಲಿ ಮೊತ್ತ ಏರಿರುತ್ತದೆ, ಮನೆಯ ಡಬ್ಬಿಗಳಲ್ಲಿ ಅಕ್ಕಿ, ಎಣ್ಣೆ ಕಡಿಮೆಯಾಗಿರುತ್ತದೆ. ಮೂಲ ದರದ ಪರಿಷ್ಕರಣೆ ಎಷ್ಟು ತಡವಾಗುತ್ತದೆಯೋ ಅಷ್ಟೂ ವರ್ಷ ಈ ಸೋರಿಕೆ ಬೆಳೆಯುತ್ತಾ ಹೋಗುತ್ತದೆ, ಕುಶಲಿ ಮತ್ತು ಅಕುಶಲಿಯ ನಡುವಿನ ಅಂತರ ರೂಪಾಯಿಯಲ್ಲಿ ಅಷ್ಟೇ ಇದ್ದರೂ ಅದರ ಬೆಲೆ ಕರಗುತ್ತಾ ಬರುತ್ತದೆ.

ಇದರ ಜೊತೆಗೆ, ಸುಪ್ರೀಂ ಕೋರ್ಟ್ 1999ರಲ್ಲಿ ಕರ್ನಾಟಕದಿಂದಲೇ ಹೋದ ಏರ್‌ಫ್ರೈಟ್ ಪ್ರಕರಣದಲ್ಲಿ ಮೂಲ ದರ ಮತ್ತು ತುಟ್ಟಿಭತ್ಯೆ ಸೇರಿದ ಒಟ್ಟು ಮೊತ್ತವೇ ಕನಿಷ್ಠ ವೇತನ ಎಂದಿತು. ಅದಕ್ಕಿಂತ ಹೆಚ್ಚು ಕೊಡುತ್ತಿರುವ ಮಾಲೀಕರು ತುಟ್ಟಿಭತ್ಯೆಯನ್ನು ಮತ್ತೆ ಪ್ರತ್ಯೇಕವಾಗಿ ಸೇರಿಸಬೇಕಾಗಿಲ್ಲ ಎಂಬುದು ತೀರ್ಪಿನ ಸಾರ. ನಿಮಗೆ ಒಂಬತ್ತು ವರ್ಷಗಳಲ್ಲಿ ಆಗಾಗ ಸೇರಿಸಿದ ಐವತ್ತು, ನೂರು ರೂಪಾಯಿಗಳ ಬಡ್ತಿಯನ್ನು ಮುಂದಿನ ಏಪ್ರಿಲ್‌ನ ಏರಿಕೆಯೇ ನುಂಗಿಬಿಡಲು ಇದು ದಾರಿ ಮಾಡಿಕೊಟ್ಟಿದೆ. ಹೊಸ ಹೆಲ್ಪರ್ ನಿಮ್ಮ ಹತ್ತಿರಕ್ಕೆ ಬಂದಿರುವುದು ಅವರ ಸಂಬಳ ಹೆಚ್ಚಾಗಿದ್ದರಿಂದಲ್ಲ, ನಿಮ್ಮ ಅನುಭವಕ್ಕೆ ಸಿಗಬೇಕಾದದ್ದು ಹೀಗೆ ಕರಗಿಹೋಗಿದ್ದರಿಂದ. ಅವರ ಮೇಲೆ ಬೇಸರ ಬೇಡ.

ಪರಿಷ್ಕರಣೆ ಎಂಬುದು ಎಷ್ಟು ಜಗ್ಗಾಟದ ವಿಷಯ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನಗಳಿವೆ. 2018ರಲ್ಲಿ ಹೊಲಿಗೆ ಉದ್ಯಮವೂ ಸೇರಿದಂತೆ ಕೆಲವು ಉದ್ಯೋಗಗಳ ವೇತನ ಏರಿಸುವ ಕರಡು ಅಧಿಸೂಚನೆಗಳನ್ನು ಸರ್ಕಾರ ಹೊರಡಿಸಿ, ಕೆಲವೇ ವಾರಗಳಲ್ಲಿ ಹಿಂತೆಗೆದುಕೊಂಡಿತು. 2020ರಲ್ಲಿ ಕೊರೊನಾ ಕಾರಣ ಹೇಳಿ ತುಟ್ಟಿಭತ್ಯೆಯನ್ನೇ ಒಂದು ವರ್ಷ ಮುಂದಕ್ಕೆ ಹಾಕುವ ಆದೇಶ ಹೊರಬಿತ್ತು, ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಆಗ ಹೊಲಿಗೆ ಕಾರ್ಮಿಕರೊಬ್ಬರಿಗೆ ಬರಬೇಕಾಗಿದ್ದದ್ದು ತಿಂಗಳಿಗೆ 417 ರೂಪಾಯಿ 60 ಪೈಸೆ. ಆ ಮೊತ್ತ ಬಾಡಿಗೆ ಕಟ್ಟುವ ಮನೆಗೆ ಎಷ್ಟು ಮುಖ್ಯ ಎಂಬುದು ನಿಮಗೆ ಗೊತ್ತೇ ಇದೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಹೊರಡಿಸಿದ ಕರಡು ಅಧಿಸೂಚನೆ ರೆಪ್ಟಾಕೋಸ್ ತೀರ್ಪಿನ ಲೆಕ್ಕವನ್ನು ಆಧಾರವಾಗಿ ಇಟ್ಟುಕೊಂಡಿತು. ಮಾಲೀಕರ ಕಡೆಯಿಂದ ಆಕ್ಷೇಪಣೆ ಬರುವುದು ಸಹಜವೇ, ಆದರೆ ಕನಿಷ್ಠ ವೇತನವನ್ನೂ ಕೊಡಲಾಗದ ಉದ್ಯಮಕ್ಕೆ ನಡೆಯುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ ಕ್ರೌನ್ ಅಲ್ಯೂಮಿನಿಯಂ ಪ್ರಕರಣದಲ್ಲಿ 1950ರ ದಶಕದಲ್ಲೇ ಹೇಳಿದೆ.

ಅಕ್ಕನಿಗೆ ಹೆಚ್ಚು ಸಿಗುವುದು ವಲಯದ ಕಾರಣದಿಂದ. ರಾಜ್ಯವನ್ನು ವಲಯಗಳಾಗಿ ವಿಂಗಡಿಸಿ ಬೆಂಗಳೂರಿಗೆ ಮೇಲಿನ ದರ, ಹೊರಗಿನ ಊರುಗಳಿಗೆ ಕೆಳಗಿನ ದರ ಇಟ್ಟಿದ್ದಾರೆ. ನಗರದಲ್ಲಿ ಬಾಡಿಗೆ ಹೆಚ್ಚು ಎಂಬ ವಾದದಲ್ಲಿ ಹುರುಳಿದೆ. ಆದರೆ 2001ರ ಫೆಬ್ರುವರಿಯಲ್ಲಿ ಕೆ.ಜಿ.ಎಫ್.ನ ಗಣಿ ಮುಚ್ಚಿದ ಮೇಲೆ ಅಲ್ಲಿನ ಮಾರಿಕುಪ್ಪಂನಿಂದ ಹೊರಡುವ ರೈಲುಗಳಲ್ಲಿ ನಿತ್ಯ ಬೆಂಗಳೂರಿಗೆ ಹೋಗಿ ಬರುವ ಸಾವಿರಾರು ಜನ ಮತ್ತು ಊರಿನಲ್ಲೇ ದುಡಿಯುವ ನಿಮ್ಮಂಥವರು ಒಂದೇ ಸಂತೆಯಲ್ಲಿ ತರಕಾರಿ ಕೊಳ್ಳುತ್ತೀರಿ. ನೀವು ಹೊಲಿಯುವ ಅಂಗಿಗೆ ಮಾಲೂರಿನದ್ದೆಂದು ಕೊಳ್ಳುವವರು ಕಡಿಮೆ ಬೆಲೆ ಕೊಡುವುದಿಲ್ಲ. ವಲಯಗಳ ನಡುವಿನ ಅಂತರ ಕಿರಿದಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

2025ರ ನವೆಂಬರ್ 21ರಿಂದ 1948ರ ಕಾಯ್ದೆಯ ಜಾಗದಲ್ಲಿ 2019ರ ವೇತನ ಸಂಹಿತೆ ಜಾರಿಗೆ ಬಂದಿದೆ. ಅನುಸೂಚಿಯಲ್ಲಿ ಇರಲಿ ಬಿಡಲಿ, ಎಲ್ಲ ಉದ್ಯೋಗಗಳಿಗೂ ಕನಿಷ್ಠ ವೇತನ ಅನ್ವಯಿಸುತ್ತದೆ. ಕೇಂದ್ರ ನಿಗದಿಪಡಿಸುವ ತಳಮಟ್ಟದ ವೇತನಕ್ಕಿಂತ ಕಡಿಮೆ ದರವನ್ನು ರಾಜ್ಯಗಳು ಇಡುವಂತಿಲ್ಲ. 1996ರಲ್ಲಿ ದಿನಕ್ಕೆ 35 ರೂಪಾಯಿ ಎಂದು ಆರಂಭವಾಗಿ 2017ರಲ್ಲಿ 176 ರೂಪಾಯಿಗೆ ಬಂದಿದ್ದ ರಾಷ್ಟ್ರೀಯ ತಳಮಟ್ಟಕ್ಕೆ ಕಾನೂನಿನ ಬಲವಿರಲಿಲ್ಲ, ಈಗ ಅದು ಬಂದಿದೆ. ಕಡಿಮೆ ಕೊಟ್ಟಿದ್ದರೆ ಬಾಕಿ ಕೇಳಲು ಹಿಂದೆ ಆರು ತಿಂಗಳ ಗಡುವಿತ್ತು, ಈಗ ಮೂರು ವರ್ಷ. ಹೆಚ್ಚುವರಿ ಗಂಟೆಗಳಿಗೆ ದುಪ್ಪಟ್ಟು ದರ ಎಂಬುದು ಹಾಗೆಯೇ ಉಳಿದಿದೆ.

ಚೀಟಿಯನ್ನು ಪರಿಶೀಲಿಸುವಾಗ ಪಿ.ಎಫ್. ಮತ್ತು ಇ.ಎಸ್.ಐ. ಕಳೆದ ಮೇಲೆ ಕೈಗೆ ಬರುವ ಹಣವನ್ನು ಅಧಿಸೂಚನೆಯ ದರದೊಂದಿಗೆ ಹೋಲಿಸಬೇಡಿ, ಕಡಿತಕ್ಕೆ ಮುಂಚಿನ ಮೊತ್ತವನ್ನು ಹೋಲಿಸಿ. ಓಟಿ ಹಣವನ್ನು ಬದಿಗಿಡಿ. ಅನಂತರ ಒಂಬತ್ತು ವರ್ಷದ ಹಿಂದಿನ ಚೀಟಿ ನಿಮ್ಮಲ್ಲಿದ್ದರೆ ಅದರ ಮೊತ್ತದಿಂದ ಆ ವರ್ಷದ ಹೆಲ್ಪರ್ ದರವನ್ನು ಕಳೆಯಿರಿ, ಈ ವರ್ಷದ ಚೀಟಿಯಲ್ಲೂ ಹಾಗೆಯೇ ಮಾಡಿ. ಪರಿಷ್ಕರಣೆಯ ಕರಡು ರಾಜ್ಯಪತ್ರದಲ್ಲಿ ಪ್ರಕಟವಾದಾಗ ಆಕ್ಷೇಪಣೆ ಮತ್ತು ಸಲಹೆಗಳಿಗೆ ಕನಿಷ್ಠ ಎರಡು ತಿಂಗಳ ಕಾಲಾವಕಾಶ ಇರುತ್ತದೆ. ಮಾಲೀಕರ ಸಂಘಗಳು ಆ ಅವಧಿಯಲ್ಲಿ ತಪ್ಪದೆ ಬರೆಯುತ್ತವೆ. ನೀವು ಹತ್ತು ಜನ ಸೇರಿ ಈ ಎರಡು ಸಂಖ್ಯೆಗಳನ್ನು ಚೀಟಿಗಳ ನಕಲಿನೊಂದಿಗೆ ಕಾರ್ಮಿಕ ಇಲಾಖೆಗೆ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿ, ಅಂಚೆಯ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.