ಕಮೀಲ್ ಕ್ಲೋಡೆಲ್ ಸಿನಿಮಾ, ಮಣ್ಣಿನ ಕೆಲಸ ಕಲಿಯುವವರಿಗೆ

ಮೇಡಂ, 1988ರ ಫ್ರೆಂಚ್ ಸಿನಿಮಾ 'ಕಮೀಲ್ ಕ್ಲೋಡೆಲ್' ಬರೀ ಪ್ರೇಮಕಥೆಯಾ, ಮೂರ್ತಿ ಮಾಡಲು ಕಲಿಯುವವರಿಗೆ ಅದರಲ್ಲಿ ಏನಾದರೂ ಇದೆಯಾ ಎಂದು ಕೇಳಿದ್ದೀರಿ. ಖಂಡಿತ ಇದೆ, ನೋಡಿ.

ಕಮೀಲ್ ನಿಜವಾಗಿ ಬದುಕಿದ್ದ ಫ್ರೆಂಚ್ ಶಿಲ್ಪಿ, ಸಿನಿಮಾ ಅವಳದೇ ಕಥೆ. ಶುರುವಿನಲ್ಲೇ ಅವಳು ಚಳಿಗಾಲದ ರಾತ್ರಿ ಪ್ಯಾರಿಸ್ಸಿನ ಒಂದು ಗುಂಡಿಗಿಳಿದು, ಕೈಯಿಂದಲೇ ಜೇಡಿಮಣ್ಣು ಬಗೆದು ಸೂಟ್‌ಕೇಸಿಗೆ ತುಂಬುತ್ತಾಳೆ. ಒಳ್ಳೆ ಮಣ್ಣಿಗಾಗಿ ಕೆರೆ ಕೆರೆ ಸುತ್ತಿದವರಿಗೆ ಆ ಆತುರ ತಕ್ಷಣ ಅರ್ಥವಾಗುತ್ತದೆ. ಇಸಬೆಲ್ ಅಜಾನಿ ಆ ಪಾತ್ರವನ್ನು ಜೀವ ಕೊಟ್ಟು ಮಾಡಿದ್ದಾರೆ.

ಅವಳ ಗುರು, ಹೆಸರಾಂತ ಶಿಲ್ಪಿ ರೋಡಾ (Rodin) ಅವರ ಸ್ಟುಡಿಯೋ ಬಂದಾಗ ಯಾರು ಯಾವ ಕೆಲಸ ಮಾಡುತ್ತಿದ್ದಾರೆ ಎಂದು ಗಮನಿಸಿ. ಆ ಕಾಲದಲ್ಲಿ ಮೊದಲು ಮಣ್ಣಿನಲ್ಲಿ ರೂಪ, ಆಮೇಲೆ ಅಚ್ಚು, ಅದರಿಂದ ಪ್ಲಾಸ್ಟರ್ ಪ್ರತಿ. ಅದನ್ನು ನೋಡಿಕೊಂಡು ಅಮೃತಶಿಲೆ ಕೆತ್ತುವುದು ಅಥವಾ ಕಂಚಿನಲ್ಲಿ ಎರಕ ಹೊಯ್ಯುವುದು. ರೋಡಾ ಅವರ ಕೈ ಹೆಚ್ಚಾಗಿ ಮಣ್ಣಿನಲ್ಲೇ ಇರುತ್ತಿತ್ತು, ಕಲ್ಲು ಕೆತ್ತುವುದಕ್ಕೆ ಸಹಾಯಕರಿದ್ದರು. ಕಮೀಲ್ ಹಾಗಲ್ಲ, ಉಳಿ ಹಿಡಿದು ತಾನೇ ಕೆತ್ತುತ್ತಿದ್ದಳು. ಆದರೂ ಬಹಳ ಕಾಲ ಹೆಸರು ಮಾತ್ರ ರೋಡಾ ಅವರದೇ ಉಳಿಯಿತು. ಅದು ನನಗೆ ಇವತ್ತಿಗೂ ಸಂಕಟದ ವಿಷಯ.

ಇವರಿಬ್ಬರ ಪ್ರೇಮದ ಭಾಗವೂ ನಿಜವಾಗಿ ನಡೆದದ್ದೇ. ರೋಡಾ ಅವಳಿಗಿಂತ 24 ವರ್ಷ ದೊಡ್ಡವರು. ಜೊತೆಗೆ ಬಾಳುತ್ತಿದ್ದ ರೋಸ್ ಬ್ಯೂರೆಯನ್ನು ಬಿಟ್ಟು ಬರಲಿಲ್ಲ. ಆ ನೋವು ಕಮೀಲ್ ಮಾಡಿದ 'ಪ್ರೌಢ ವಯಸ್ಸು' ಎಂಬ ಶಿಲ್ಪದಲ್ಲಿ ಕಾಣುತ್ತದೆ. ಮುದುಕಿಯೊಬ್ಬಳು ಗಂಡಸನ್ನು ಎಳೆದೊಯ್ಯುತ್ತಾಳೆ, ಹಿಂದೆ ಮಂಡಿಯೂರಿದ ಹುಡುಗಿ ಎರಡೂ ಕೈ ಚಾಚಿದ್ದಾಳೆ. ಮೊದಲ ಪ್ರತಿಯಲ್ಲಿ ಅವನ ಕೈ ಅವಳ ಕೈಯಲ್ಲೇ ಇತ್ತು. ಎರಡನೆಯದರಲ್ಲಿ ಬಿಟ್ಟುಹೋಗಿದೆ. ಫೋಟೊ ಹಾಕಿಕೊಂಡು ಆ ಎರಡು ಕೈಗಳ ನಡುವಿನ ಜಾಗವನ್ನೇ ಸ್ವಲ್ಪ ಹೊತ್ತು ನೋಡಿ. ಖಾಲಿ ಜಾಗವನ್ನೂ ಶಿಲ್ಪದ ಭಾಗ ಮಾಡುವುದು ಹೇಗೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ.

ಇನ್ನೊಂದು ನಮಗೆ ತೀರಾ ಹತ್ತಿರದ್ದು. 1888ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ಅವಳಿಗೆ ಗೌರವ ತಂದ ಶಿಲ್ಪದ ಹೆಸರು 'ಶಾಕುಂತಲಾ'. ಹೌದು, ಕಾಳಿದಾಸನ ಶಕುಂತಲೆಯೇ! ಮಂಡಿಯೂರಿದ ದುಷ್ಯಂತ, ಅವನ ಕಡೆಗೆ ಬಾಗಿದ ಶಕುಂತಲೆ. ಕ್ಷಮೆ ಕೇಳುವವನು ಇಲ್ಲಿ ಗಂಡು, ಅಲ್ವಾ?

ಒಂದು ಎಚ್ಚರಿಕೆ. ಸಿನಿಮಾ ನೋಡಿದರೆ ತಪ್ಪೆಲ್ಲ ರೋಡಾ ಅವರದೇ ಅನ್ನಿಸಿಬಿಡುತ್ತದೆ. ಆದರೆ 1913ರಲ್ಲಿ, ಅಪ್ಪ ತೀರಿಕೊಂಡ ಕೆಲವೇ ದಿನಕ್ಕೆ ಅವಳನ್ನು ಹುಚ್ಚಾಸ್ಪತ್ರೆಗೆ ಸೇರಿಸಿದ್ದು ಮನೆಯವರು. ಮನೆಗೆ ಕರೆದೊಯ್ಯಬಹುದು ಎಂದು ಮುಂದೆ ವೈದ್ಯರೇ ಬರೆದರೂ ಅಮ್ಮ ಒಪ್ಪಲಿಲ್ಲ, ಒಮ್ಮೆಯೂ ನೋಡಲು ಹೋಗಲಿಲ್ಲ. ತಮ್ಮ ಪಾಲ್ ಹೆಸರಾಂತ ಕವಿ, ಅವರೂ ಅಪರೂಪಕ್ಕೆ ಬರುತ್ತಿದ್ದರು. ಕಮೀಲ್ 30 ವರ್ಷ ಹುಚ್ಚಾಸ್ಪತ್ರೆಗಳಲ್ಲೇ ಇದ್ದು 1943ರಲ್ಲಿ ತೀರಿಕೊಂಡಳು. ಸಿನಿಮಾ ಮಾತ್ರ 1913ಕ್ಕೇ ನಿಲ್ಲುತ್ತದೆ.

ಹತ್ತಿರ ಹತ್ತಿರ 3 ಗಂಟೆಯ ಸಿನಿಮಾ, ಎರಡು ಸಲಕ್ಕೆ ನೋಡಿದರೂ ಸರಿ. ಸಬ್‌ಟೈಟಲ್ ಇರುವ ಪ್ರತಿಯನ್ನೇ ಹುಡುಕಿ. ಬೆತ್ತಲೆ ಮಾಡೆಲ್‌ಗಳ ದೃಶ್ಯಗಳಿವೆ, ಸಣ್ಣ ಮಕ್ಕಳು ಮಲಗಿದ ಮೇಲೆ ಹಾಕಿ. ಇಷ್ಟವಾದರೆ ಜೂಲಿಯೆಟ್ ಬಿನೋಶ್ ನಟಿಸಿದ 2013ರ 'ಕಮೀಲ್ ಕ್ಲೋಡೆಲ್ 1915' ನೋಡಿ. ಅದು ಆಸ್ಪತ್ರೆಯ ದಿನಗಳ ಕಥೆ, ಶಿಲ್ಪದ ಕೆಲಸ ಅದರಲ್ಲಿ ಸಿಗುವುದಿಲ್ಲ. ಹಾಗಾಗಿ 1988ರದ್ದೇ ಮೊದಲು ನೋಡಿ.