ಹಡಗು ಯಾರಿಗೂ ಕಾಯೋದಿಲ್ಲ, ಅಕ್ಕಾ

ಕಾರಟಗಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಸೊಸೆಯಾಗಿ ಬರುವ ಹುಡುಗಿಯೂ ಅಲ್ಲೇ ಇದ್ದಾಳೆ. ಇಬ್ಬರಿಗೂ ಮದುವೆ ಹಡಗಿನ ಮೇಲೆ ಆಗಬೇಕಂತೆ. ಮುಂಬೈಯಿಂದ ಹೊರಟು ಗೋವಾ ಕಡೆ ಹೋಗಿ ಬರುವ ಕ್ರೂಸ್ ಹಡಗು, ಎರಡೂ ಕಡೆಯವರು ಸೇರಿ ನೂರಿಪ್ಪತ್ತು ಜನ. ಪತ್ರದಲ್ಲಿ ಹೀಗಿದೆ:

“ಊರಲ್ಲಿ ಮಾಡಿದರೆ ಎರಡು ಸಾವಿರ ಮಂದಿ ಬರ್ತಾರೆ. ಅರ್ಧ ಮಂದಿ ಯಾರಂತ ನಮಗೇ ಗೊತ್ತಿರೋದಿಲ್ಲ. ಉಂಡು ಹೋಗುವಾಗ ಸಾರು ಸಪ್ಪಗಿತ್ತು ಅಂತಾರೆ. ಹಡಗಾದರೆ ಬೇಕಾದವರಷ್ಟೇ ಇರ್ತಾರೆ, ಗದ್ದಲ ಇರೋದಿಲ್ಲ ಅಂತ ಮಗ ಹೇಳೋದು ನನಗೂ ಸರಿ ಅನಿಸ್ತದೆ. ಆದರೆ ನಮ್ಮತ್ತೆ ಮಾತೇ ಬಿಟ್ಟಿದ್ದಾರೆ. ಹಡಗಿನಾಗ ಅರಿಶಿಣ ನೀರಿನ ಸುರಗಿ ಎಲ್ಲಿ ಸುತ್ತೀರಿ ಅಂತ ಒಂದೇ ಮಾತು ಕೇಳಿದರು. ಇಂಥ ಮದುವೆ ಕಾನೂನಿಗೆ ನಡೀತದಾ? ನೀವೇನಂತೀರಿ?”

ಅಕ್ಕಾ, ಕಾನೂನಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ಆಮೇಲೆ ನಿಮ್ಮ ಜೊತೆ ಸ್ವಲ್ಪ ಜಗಳ ಇದೆ.

ಹಡಗಿನ ಕ್ಯಾಪ್ಟನ್ ಮದುವೆ ಮಾಡಿಸಿದರೆ ಆಯಿತು ಅಂತ ನಂಬಿದವರು ಬಹಳ ಜನ. ಅದು ಹಾಗಿಲ್ಲ. ಹಡಗು ಯಾವ ದೇಶದಲ್ಲಿ ನೋಂದಣಿ ಆಗಿದೆ, ಆ ದೇಶದ ಕಾನೂನು ಕ್ಯಾಪ್ಟನ್‌ಗೆ ಆ ಅಧಿಕಾರ ಕೊಟ್ಟಿದೆಯಾ ಅನ್ನೋದು ಮುಖ್ಯ. ಬರ್ಮುಡಾ ಕೊಡುತ್ತದೆ, ಬ್ರಿಟನ್ ಕೊಡೋದಿಲ್ಲ. ಕ್ಯುನಾರ್ಡ್ ಅನ್ನುವ ಹಳೆಯ ಹಡಗು ಕಂಪನಿ 2011ರಲ್ಲಿ ತನ್ನ ಮೂರು ಹಡಗುಗಳ ನೋಂದಣಿಯನ್ನು ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಬರ್ಮುಡಾದ ಹ್ಯಾಮಿಲ್ಟನ್‌ಗೆ ಬದಲಿಸಿತು. ನಡುಸಮುದ್ರದಲ್ಲಿ ಮದುವೆ ಮಾಡಿಸೋಕೆ ಬರಬೇಕು ಅನ್ನೋದೂ ಅದಕ್ಕೊಂದು ಕಾರಣ.

ನಿಮ್ಮ ಮನೆ ಮದುವೆಗೆ ಕ್ಯಾಪ್ಟನ್ ಬೇಕಾಗಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಪ್ರಕಾರ ಗಂಡಿನ ಕಡೆಯ ಇಲ್ಲವೇ ಹೆಣ್ಣಿನ ಕಡೆಯ ಪದ್ಧತಿಯಂತೆ ಶಾಸ್ತ್ರ ನಡೆದಿರಬೇಕು. ಶಾಸ್ತ್ರ ನಡೆಯದೆ ಬರೀ ಸರ್ಟಿಫಿಕೇಟ್ ಇದ್ದರೆ ಅದು ಮದುವೆ ಅಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಂಡು ಹೆಣ್ಣು ಇಬ್ಬರೂ ಪೈಲಟ್‌ಗಳಾಗಿದ್ದ ಪ್ರಕರಣ ಅದು. ಪೀಠದಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಮದುವೆ ಅಂದರೆ ಹಾಡು ಕುಣಿತ, ಊಟ ಕುಡಿತದ ಕಾರ್ಯಕ್ರಮ ಅಲ್ಲ ಅಂತ ಆ ತೀರ್ಪು ಬಿಡಿಸಿ ಹೇಳಿದೆ. ಹಾಗಾಗಿ ನಿಮ್ಮ ಅಯ್ಯನವರನ್ನು ಕರೆದುಕೊಂಡು ಹೋಗಿ, ಸಾಕ್ಷಿಗಳ ಮುಂದೆ ಶಾಸ್ತ್ರ ಮಾಡಿದರೆ ಹಡಗಿನ ಮೇಲೆ ಆಯಿತು ಅನ್ನೋ ಒಂದೇ ಕಾರಣಕ್ಕೆ ಮದುವೆ ಕೆಡೋದಿಲ್ಲ. ಊರಿಗೆ ಬಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಯಾವ ಕಾಗದ ಬೇಕು ಅಂತ ಹಡಗು ಬುಕ್ ಮಾಡುವ ಮೊದಲೇ ಅಲ್ಲಿ ಕೇಳಿಕೊಳ್ಳಿ.

ಕಾನೂನು ಮುಗಿಯಿತು. ಈಗ ಜಗಳ.

‘ಅರ್ಧ ಮಂದಿ ಯಾರಂತ ನಮಗೇ ಗೊತ್ತಿರೋದಿಲ್ಲ’ ಅಂದಿರಿ. ನಿಮಗೆ ಗೊತ್ತಿರೋದಿಲ್ಲ. ನಿಮ್ಮತ್ತೆಗೆ ಗೊತ್ತಿರುತ್ತದೆ. ಪಂಗತಿಯ ಕೊನೆಗೆ ಕೂತ ಆ ಮುದುಕ ಯಾವ ಬರಗಾಲದಲ್ಲಿ ನಿಮ್ಮ ಮಾವನವರಿಗೆ ಬಿತ್ತೋಕೆ ಜೋಳ ಕೊಟ್ಟಿದ್ದ, ತಲೆ ತುಂಬ ಸೆರಗು ಹೊದ್ದು ಬಾಗಿಲ ಹತ್ತಿರ ನಿಂತ ಹೆಂಗಸು ಯಾರ ಬಾಣಂತನ ಮಾಡಿದ್ದಳು, ಇವೆಲ್ಲ ಆ ಹಿರಿಯಾಕೆಗೆ ಬಾಯಿಪಾಠ. ಒಂದು ಸಲ ಅವರ ಪಕ್ಕ ಕೂತು ಕೇಳಿ ನೋಡಿ. ಇದು ತುಂಬಾ ಒಳ್ಳೆಯ ಪತ್ರ, ಅತ್ತೆಯ ಮಾತನ್ನು ಮುಚ್ಚಿಡದೆ ಬರೆದಿದ್ದೀರಿ ಅಂದರೆ ನಿಮಗೂ ಒಳಗೆ ಏನೋ ಚುಚ್ಚಿದೆ. ಆದರೆ ‘ಗದ್ದಲ’ ಅನ್ನುವ ಆ ಒಂದು ಮಾತು ನನಗೆ ಬೇಜಾರು ಮಾಡಿತು.

ನೀರಿನ ಮೇಲೆ ಮದುವೆ ಅನ್ನೋದಕ್ಕೆ ನನ್ನ ವಿರೋಧ ಇಲ್ಲವೇ ಇಲ್ಲ. ನಮ್ಮ ಸೋದರತ್ತೆಯನ್ನು ಕೊಟ್ಟಿದ್ದು ಆನೆಗುಂದಿಗೆ. ಆಗ ಮದುವೆ ಗಂಡಿನ ಊರಲ್ಲೇ. ನನಗೆ ಎಂಟೋ ಒಂಬತ್ತೋ ವರ್ಷ. ಹೆಣ್ಣಿನ ಕಡೆಯವರೆಲ್ಲ ತಳವಾರಘಟ್ಟದಿಂದ ಹರಿಗೋಲಿನಲ್ಲಿ ತುಂಗಭದ್ರೆ ದಾಟಬೇಕಿತ್ತು. ಐದು ಸಲ ಹರಿಗೋಲು ಹೋಗಿ ಬಂತು. ಮದುಮಗಳು, ಮುತ್ತೈದೆಯರು, ಸೋಬಾನ ಹಾಡೋ ಅಜ್ಜಿಯರು, ಕರ್ಚಿಕಾಯಿ ಬುಟ್ಟಿಗಳು, ನಾವು ಹುಡುಗರು. ಕೊನೆಯ ಸಲ ಹೊರಡುವಾಗ ಹಲಗಿ ಬಾರಿಸುವವರು ಇನ್ನೂ ಬಂದಿರಲಿಲ್ಲ. ಅಪ್ಪ ಹೊರಡು ಹೊರಡು ಅಂತ ಅವಸರ ಮಾಡಿದರು. ಅಂಬಿಗ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು, “ಹಲಗಿ ಇಲ್ಲದ ಮದುವಿ ಎಂಥದ್ದು ಯಜಮಾನ್ರ, ಬರಲಿ” ಅಂದು ಕೂತೇಬಿಟ್ಟ. ಕತ್ತಲಾಯಿತು. ಅವರು ಬಂದರು. ಹರಿಗೋಲು ಗಿರ ಗಿರ ತಿರುಗುತ್ತ ಆಚೆ ದಡ ಮುಟ್ಟುವ ತನಕ ಹಲಗಿ ನಿಲ್ಲಲಿಲ್ಲ. ಮರುದಿನ ಅಂಬಿಗನೂ ನಮ್ಮ ಪಂಗತಿಯಲ್ಲೇ ಕೂತು ಗೋಧಿ ಹುಗ್ಗಿ ಉಂಡ.

ಈ ಹರಿಗೋಲಿಗೆ ಇತಿಹಾಸವೂ ಇದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇದನ್ನು ನೋಡಿ ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಕುದುರೆ ಎತ್ತುಗಳೂ ದಾಟುತ್ತವೆ ಅಂತ. ಐನೂರು ವರ್ಷದ ಹಿಂದೆಯೇ ನಮ್ಮ ದಿಬ್ಬಣಗಳು ಇದರಲ್ಲೇ ದಾಟಿರಬೇಕು ಅಲ್ವಾ?

ನಿಮ್ಮ ಮಗ ಹೇಳುವ ಹಡಗಿಗೂ ಆ ಹರಿಗೋಲಿಗೂ ವ್ಯತ್ಯಾಸ ಇರೋದು ಕಾಯುವುದರಲ್ಲಿ. ಕ್ರೂಸ್ ಹಡಗಿಗೆ ಹತ್ತುವವರ ಹೆಸರಿನ ಪಟ್ಟಿ ಮೊದಲೇ ಕೊಡಬೇಕು. ಗುರುತಿನ ಚೀಟಿ ಬೇಕು, ಬೇರೆ ದೇಶದ ಬಂದರು ಮುಟ್ಟುವುದಾದರೆ ಪಾಸ್‌ಪೋರ್ಟ್ ಬೇಕು. ಹಡಗು ಬಿಡೋ ಮೊದಲೇ ಬಾಗಿಲು ಮುಚ್ಚುತ್ತಾರೆ. ನಿಮ್ಮ ಚಿಕ್ಕಪ್ಪನವರ ರೈಲು ತಡವಾಯಿತು ಅಂದರೆ ಅವರು ದಕ್ಕೆಯ ಮೇಲೆ ನಿಂತು ಹಡಗು ಹೋಗೋದನ್ನು ನೋಡಬೇಕು. ಇನ್ನೊಂದು ವಿಷಯ ನಿಮ್ಮ ಮಗನಿಗೆ ಗೊತ್ತಿದೆಯೋ ಇಲ್ಲವೋ. ಬಹಳಷ್ಟು ಹಡಗು ಕಂಪನಿಗಳು 24 ವಾರ ಮುಟ್ಟಿದ ಬಸುರಿಯರನ್ನು ಹತ್ತಿಸಿಕೊಳ್ಳೋದಿಲ್ಲ. ಆರು ತಿಂಗಳು ತುಂಬದ ಕೂಸನ್ನೂ ಬಿಡೋದಿಲ್ಲ, ಅಂದರೆ ತಾಯಿಯೂ ಇಲ್ಲ. ಹಡಗಿನಲ್ಲಿ ಹೆರಿಗೆ ಆಸ್ಪತ್ರೆ ಇರೋದಿಲ್ಲ, ಹಾಗಾಗಿ ಅವರ ನಿಯಮ ಸರಿಯೇ. ಆದರೆ ಯೋಚನೆ ಮಾಡಿ. ನಮ್ಮ ಮದುವೆ ಮನೆಯಲ್ಲಿ ಬಸುರಿ ಹೆಣ್ಣುಮಗಳು ಬಂದರೆ ಕರೆದು ಉಡಿ ತುಂಬುತ್ತೇವೆ, ಬಾಣಂತಿಗೆ ಒಳಗಿನ ಕೋಣೆ ಬಿಟ್ಟುಕೊಡುತ್ತೇವೆ. ಹಡಗಿನ ಮದುವೆಯಲ್ಲಿ ಪಟ್ಟಿಯಿಂದ ಮೊದಲು ಹೊರಗೆ ಹೋಗುವವರು ಅವರೇ.

ಹೊರಗಿನ ಅಡುಗೆಯನ್ನೂ ಬಿಡೋದಿಲ್ಲ. ಮನೆಯಿಂದ ಹುಗ್ಗಿ, ಕರ್ಚಿಕಾಯಿ ಒಯ್ಯುವ ಮಾತೇ ಇಲ್ಲ. ಬೆಂಕಿ ಅಂದರೆ ಹಡಗಿನವರಿಗೆ ಜೀವಭಯ. ಮೇಣದಬತ್ತಿ, ಊದಿನಕಡ್ಡಿ ಕೂಡ ರೂಮಿನಲ್ಲಿ ಹಚ್ಚುವ ಹಾಗಿಲ್ಲ. ಆರತಿ ತಟ್ಟೆಯ ದೀಪಕ್ಕೂ ಮೊದಲೇ ಒಪ್ಪಿಗೆ ಕೇಳಬೇಕಾಗುತ್ತದೆ. ಜೂನ್ ಬಂದರೆ ಅರಬ್ಬಿ ಸಮುದ್ರ ಏಳುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನೇ ನಿಲ್ಲಿಸುತ್ತಾರೆ. ಮುಹೂರ್ತ ಹುಡುಕುವಾಗ ಇದೂ ತಲೆಯಲ್ಲಿರಲಿ.

ನಿಮ್ಮ ಮಗನ ಮಾತಿನಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳೋದಿಲ್ಲ. ನಮ್ಮ ಕಡೆ ಮದುವೆಗೆ ಹೊಲ ಒತ್ತೆ ಇಟ್ಟವರು ಎಷ್ಟು ಜನ! ಭತ್ತದ ದುಡ್ಡು ಕೈಗೆ ಬರುವ ಮೊದಲೇ ಶಾಮಿಯಾನದವರಿಗೆ, ಅಡುಗೆಯವರಿಗೆ, ಬಂಗಾರದ ಅಂಗಡಿಗೆ ಹಂಚಿ ಹೋಗಿರುತ್ತದೆ. ಕಡಿಮೆ ಜನ, ಕಡಿಮೆ ಸಾಲ ಅನ್ನೋದು ಒಳ್ಳೆಯ ಯೋಚನೆಯೇ. ಆದರೆ ಅದಕ್ಕೆ ಸಮುದ್ರಕ್ಕೆ ಯಾಕೆ ಹೋಗಬೇಕು? ಕುವೆಂಪು ಅವರ ಮಂತ್ರ ಮಾಂಗಲ್ಯ ಇದೆಯಲ್ಲ. 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಹಾಗೇ ಮಾಡಿದರು. ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿವೆ. ಖರ್ಚು ಇಳಿಸಲು ನಮ್ಮವರು ಕಂಡುಕೊಂಡ ದಾರಿಗಳು ಇವು. ಈ ಯಾವ ದಾರಿಯಲ್ಲೂ ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ಹೋಗಬೇಕಿಲ್ಲ.

ಒಂದು ಘಟನೆ ಹೇಳುತ್ತೇನೆ, ಅದು ನೆನಪಾದರೆ ಈಗಲೂ ಸಂಕಟ ಆಗುತ್ತದೆ. ಎರಡು ವರ್ಷದ ಹಿಂದೆ ಪರಿಚಯದವರ ಮದುವೆ, ಒಂದು ರೆಸಾರ್ಟಿನಲ್ಲಿ. ಗೇಟಿನಲ್ಲಿ ಮೊಬೈಲಿಗೆ ಬಂದ ಕೋಡ್ ತೋರಿಸಿದರೆ ಮಾತ್ರ ಒಳಗೆ. ಮದುಮಗ ಚಿಕ್ಕವನಿದ್ದಾಗಿಂದ ಆ ಮನೆಯ ಮುಸುರಿ ತಿಕ್ಕಿದ ಒಬ್ಬ ಮುದುಕಿ ಆಯೇರಿಗೆ ಅಂತ ಒಂದು ಕುಪ್ಪಸದ ಖಣ ಮಡಚಿಕೊಂಡು ಬಂದಿದ್ದಳು. ಅವಳ ಹತ್ತಿರ ಫೋನೇ ಇರಲಿಲ್ಲ. ಬೇವಿನ ಗಿಡದ ನೆರಳಲ್ಲಿ ಎರಡು ತಾಸು ಕೂತಿದ್ದಳು. ನಾನು ಒಳಗೆ ಹೋಗಿ ಮದುಮಗನ ತಂದೆಗೆ ಹೇಳಿದೆ. ಅವರು ಊಟದ ಎಲೆ ಬಿಟ್ಟು ಓಡಿ ಬಂದರು, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅಷ್ಟರಲ್ಲಿ ಅಕ್ಕಿಕಾಳು ಬಿದ್ದು ಮುಗಿದಿತ್ತು. ಆ ತಂದೆ ಕೆಟ್ಟವರಲ್ಲ. ಪಟ್ಟಿ ಬರೆಯುವಾಗ ಅವಳ ಹೆಸರು ಯಾರಿಗೂ ನೆನಪಾಗಲಿಲ್ಲ, ಅಷ್ಟೇ. ಪಟ್ಟಿ ಅಂದರೆ ಹೀಗೇ ಅಕ್ಕಾ. ನಿಮ್ಮ ನೂರಿಪ್ಪತ್ತು ಜನರಲ್ಲಿ ಊರಿನ ಹಮಾಲರು ಎಷ್ಟು ಮಂದಿ ಇದ್ದಾರೆ? ಬಳೆಗಾರ್ತಿ ಇದ್ದಾಳಾ?

ಇದು ಬರೀ ಹಡಗಿನ ಮಾತಲ್ಲ. ಮದುವೆಯಿಂದ ಮಂದಿಯನ್ನೇ ಹೊರಗೆ ಹಾಕುವ ಕೆಲಸ ಬಹಳ ದಿನದಿಂದ ನಡೆದಿದೆ. ಮಂಟಪದಲ್ಲಿ ಈಗ ನಮಗೆ ಕಾಣೋದು ಕ್ಯಾಮೆರಾದವರ ಬೆನ್ನು. ತಾಳಿ ಕಟ್ಟಿದ್ದು ಕಾಣೋದಿಲ್ಲ, ಗಟ್ಟಿಮೇಳ ಕೇಳಿ ಅಂದಾಜಿನ ಮೇಲೆ ಅಕ್ಕಿಕಾಳು ಎಸೆಯುತ್ತೇವೆ. ಕರೆಯೋದು ವಾಟ್ಸಾಪಿನಲ್ಲಿ. ಹಿಂದೆ ಮನೆಮನೆಗೆ ಹೋಗಿ ಅರಿಶಿಣ ಕುಂಕುಮ ಇಟ್ಟು ಕರೆಯುತ್ತಿದ್ದರು, ಜಗಳ ಆಡಿ ಮಾತು ಬಿಟ್ಟವರ ಮನೆಗೂ ಹೋಗಲೇಬೇಕಿತ್ತು, ಎಷ್ಟೋ ಮನೆತನಗಳ ಮುನಿಸು ಆ ಒಂದು ಕರೆಯಲ್ಲಿ ಮುಗಿಯುತ್ತಿತ್ತು. ಸಣಾಪುರದ ಕೆರೆಗೆ ಹೋಗಿ ನೋಡಿ. ಮದುವೆಗೆ ಮೊದಲಿನ ಫೋಟೋ ತೆಗೆಸೋಕೆ ಜೋಡಿಗಳು ಹರಿಗೋಲಿನಲ್ಲಿ ಕೂರುತ್ತವೆ. ಹುಟ್ಟು ಹಾಕುವ ಹುಡುಗನಿಗೆ ತಲೆ ಬಗ್ಗಿಸು, ಫೋಟೋದಲ್ಲಿ ಬರಬೇಡ ಅಂತಾರೆ. ನಮ್ಮ ಸೋದರತ್ತೆಯ ಮದುವೆಯಲ್ಲಿ ಅಂಬಿಗ ಪಂಗತಿಯಲ್ಲಿ ಕೂತಿದ್ದ ಅಂದೆನಲ್ಲ, ಅದಕ್ಕೇ ನನಗೆ ಇದನ್ನು ನೋಡೋಕೆ ಆಗೋದಿಲ್ಲ. 2024ರ ಮೇ ಕೊನೆಗೆ ಅಂಬಾನಿ ಮನೆಯವರು ಮದುವೆಗೆ ಮುಂಚಿನ ಸಂಭ್ರಮವನ್ನು ಇಟಲಿ, ಫ್ರಾನ್ಸ್ ಕಡಲಲ್ಲಿ ಹಡಗಿನ ಮೇಲೆ ಮಾಡಿದರು. ಆ ವಿಡಿಯೋಗಳನ್ನು ನಮ್ಮ ಹುಡುಗರೂ ನೋಡಿದರು, ಆಸೆ ಹುಟ್ಟಿತು. ಆಸೆ ತಪ್ಪಲ್ಲ. ಆದರೆ ಅವರು ಕೂಡ ತಾಳಿ ಕಟ್ಟಿಸಿದ್ದು ಮುಂಬೈಯಲ್ಲಿ, ನೆಲದ ಮೇಲೆ. ಇದನ್ನು ಮಗನಿಗೆ ಹೇಳಿ.

ಇನ್ನು ನಿಮ್ಮತ್ತೆಯ ಪ್ರಶ್ನೆ. ಸುರಗಿ ಸುತ್ತೋಕೆ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಡಬೇಕು, ಸುತ್ತ ನೂಲು ಸುತ್ತಬೇಕು, ನಡುವೆ ಮದುಮಕ್ಕಳನ್ನು ಕೂರಿಸಿ ಅರಿಶಿಣದ ನೀರು ಹೊಯ್ಯಬೇಕು. ನೀರು ಹರಿದು ಹೋಗೋಕೆ ಅಂಗಳ ಬೇಕು, ತಂಬಿಗೆ ಅಲ್ಲಾಡದ ಹಾಗೆ ನೆಲ ಬೇಕು. ನಿಮ್ಮ ಮನೆ ಮುಂದೆ ಅಷ್ಟು ಜಾಗ ಇದ್ದೇ ಇರುತ್ತದೆ. ಅಲ್ಲೇ ಹಂದರ ಹಾಕಿ, ಸಣ್ಣದೇ ಹಾಕಿ. ಒಂದು ಹುಗ್ಗಿ, ಒಂದು ಬದನೆಕಾಯಿ ಪಲ್ಯ, ಅನ್ನ, ಸಾರು ಸಾಕು. ಸಾರು ಸಪ್ಪಗಿದ್ದರೆ ಅನ್ನುವವರು ಅನ್ನಲಿ ಬಿಡಿ, ಅವರು ಉಂಡಿದ್ದಾರೆ ಅಂತ ಆಯಿತಲ್ಲ. ಹಡಗಿಗೆ ಅಂತ ಇಟ್ಟ ದುಡ್ಡಿನಲ್ಲಿ ಮಿಕ್ಕಿದ್ದರಲ್ಲಿ ಮಕ್ಕಳಿಬ್ಬರನ್ನೂ ಮುಂಬೈಗೆ ಕಳಿಸಿ, ಮಳೆಗಾಲ ಮುಗಿದ ಮೇಲೆ ಹೋಗಿ ಸಮುದ್ರ ನೋಡಿ ಬರಲಿ. ಸೊಸೆಗೆ ಬೇಜಾರಾದೀತು ಅಂತ ಹೆದರಬೇಡಿ, ಆ ಹುಡುಗಿಯನ್ನು ಒಂದು ದಿನ ನಿಮ್ಮತ್ತೆಯ ಪಕ್ಕ ಕೂರಿಸಿ, ಊರಿನ ಮಂದಿಯ ಕತೆ ಅವಳೂ ಕೇಳಲಿ.

ದಿನ ಗೊತ್ತಾದಾಗ ಒಂದು ಸಾಲು ಬರೆಯಿರಿ. ಕಾರ್ಡು ಕಳಿಸದಿದ್ದರೂ ನಡೆಯುತ್ತದೆ, ಕೊಪ್ಪಳದಿಂದ ಗಂಗಾವತಿ ಮೇಲೆ ಕಾರಟಗಿಗೆ ಬಸ್ಸು ಬೇಕಾದಷ್ಟಿವೆ.