ತಾಲೂಕು ಮಾನಸಿಕ ಆರೋಗ್ಯ ಕ್ಲಿನಿಕ್ ಹೇಗೆ ನಡೆಯುತ್ತಿದೆ ಅಂತ ಅಲ್ಲಿಗೆ ಬರುವವರಿಂದಲೇ ತಿಳಿಯುವುದು ಹೇಗೆ?

ಮಾತ್ರೆ ಕೊಡುವವರೇ ಕೇಳಿದರೆ ಸಿಗುವ ಉತ್ತರ ಒಂದೇ: ‘ಚೆನ್ನಾಗಿದೆ ಸಾರ್.’ ಮುಂದಿನ ತಿಂಗಳ ಮಾತ್ರೆ ಅವರ ಕೈಯಲ್ಲೇ ಇದೆಯಲ್ಲ! ಚಿಕಿತ್ಸೆ ಪಡೆದು ಸುಧಾರಿಸಿಕೊಂಡ ಇಬ್ಬರಿಗೆ ತರಬೇತಿ ಕೊಟ್ಟು ಅವರಿಂದ ಕೇಳಿಸಿ. ದಿನಗೂಲಿ, ಬಸ್ ಚಾರ್ಜು ಕೊಡಿ. ಪ್ರಶ್ನೆ ಬರೆಯುವಾಗಲೂ ಅವರಿರಲಿ. ಬಾಗೇಪಲ್ಲಿ ಕಡೆಯಾದರೆ ತೆಲುಗಿನಲ್ಲೂ ಬೇಕು. ‘ತೃಪ್ತಿ ಇದೆಯೇ’ ಬೇಡ. ‘ಕಳೆದ ಸಲ ಎಷ್ಟು ದಿನದ ಮಾತ್ರೆ ಕೊಟ್ಟರು? ಮುಗಿದ ಮೇಲೆ ಏನು ಮಾಡಿದಿರಿ?’ ಅಂತಿರಲಿ. ರಿಜಿಸ್ಟರಿನಲ್ಲಿ ಪ್ರತಿ 5ನೇ ಹೆಸರು ಆರಿಸಿ. ಬರುವುದನ್ನೇ ನಿಲ್ಲಿಸಿದವರನ್ನಂತೂ ಕೈಬಿಡಬೇಡಿ, ಕೊರತೆ ಚೆನ್ನಾಗಿ ಗೊತ್ತಿರುವುದು ಅವರಿಗೇ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗೋಪ್ಯತೆಯ ಹಕ್ಕಿದೆ: ಮೊದಲು ಸಿಬ್ಬಂದಿ ಒಪ್ಪಿಗೆ ಕೇಳಲಿ, ಆಮೇಲಷ್ಟೇ ಹೆಸರು ಕೊಡಲಿ. ಮನೆಯವರನ್ನು ಬೇರೆ ಕೂರಿಸಿ ಮಾತಾಡಿಸಿ.